ಹಾಲೇಶಪ್ಪನ ಕಲ್ಲು, ಪಕ್ಕೀರಪ್ಪನ ಗಡ್ಡೆ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಹಾಲೇಶಪ್ಪನದು ಗೋಣಿಚೀಲದ ಅಂಗಡಿ. ಆದರೆ ಅವನ ನಿಜವಾದ ಆಸ್ತಿ ಅಂಗಿಯ ಜೇಬಿನಲ್ಲಿದ್ದ ಸಣ್ಣ ಬಾಟಲಿ. ದಾವಣಗೆರೆಯಲ್ಲಿ ಪಕ್ಕೆ ಕೊಯ್ದು ತೆಗೆದ ಅವನ ಕಿಡ್ನಿ ಕಲ್ಲು ಅದರಲ್ಲಿತ್ತು. ಚಹಾದಂಗಡಿಯ ಬೆಂಚಿನಲ್ಲಿ ಮಾತು ಮೆಕ್ಕೆಜೋಳದಿಂದ ಶುರುವಾದರೂ ಕಡೆಗೆ ಆ ಕಲ್ಲಿಗೆ ಬಂದು ನಿಲ್ಲಬೇಕು. ಬಾಟಲಿ ಗಲಗಲ ಅಂದಿತೆಂದರೆ, ನೆಗಡಿ ಬಿಟ್ಟು ಬೇರೆ ಬಂಡವಾಳವಿಲ್ಲದ ನಮ್ಮಂಥವರು ಬಾಯಿ ಮುಚ್ಚಿಕೊಳ್ಳಬೇಕು.

ಈ ದರ್ಬಾರು 2008ರಲ್ಲಿ ಮುಗಿಯಿತು. ಅವನ ಬಾಲ್ಯದ ಗೆಳೆಯ, ಸೈಕಲ್ ರಿಪೇರಿಯ ಪಕ್ಕೀರಪ್ಪ, ಮಿದುಳಿನ ಗಡ್ಡೆಗೆ ಬೆಂಗಳೂರಿನಲ್ಲಿ ಕಿರಣ ಬಿಡಿಸಿಕೊಂಡು ಬಂದ. ತಲೆ ಬೋಳಿಸಿರಲಿಲ್ಲ, ಕೊಯ್ದಿರಲಿಲ್ಲ. ತಲೆ ಅಲುಗದಂತೆ ಲೋಹದ ಚೌಕಟ್ಟು ಬಿಗಿದಿದ್ದ ಕಡೆ ಹಣೆಯ ಮೇಲೆ ಎರಡು ಚುಕ್ಕೆ, ಅಷ್ಟೆ. ಇಡೀ ಬೆಂಚು ಅವನತ್ತ ತಿರುಗಿತು.

"ಸುತ್ತಾ ಕಡಿಯಿಂದ ಕಿರಣ ಬಿಡ್ತಾರ," ಎಂದ ಪಕ್ಕೀರಪ್ಪ. "ಒಂದೊಂದಕ್ಕ ಅಷ್ಟು ಶಕ್ತಿ ಇರಂಗಿಲ್ಲ. ಗಾಲಿ ಕಡ್ಡಿ ಎಲ್ಲಾ ನಡುವಿಗೆ ಬಂದು ಕೂಡತಾವಲ್ಲ, ಹಂಗ ಕೂಡಿದ ಜಾಗದಾಗ ಮಾತ್ರ ಸುಡತೈತಿ."

"ನಮ್ಮ ಬೆಂಚಿನಂಗ ಬಿಡಪಾ," ಎಂದ ಚಹಾದ ಹುಲುಗಣ್ಣ. "ಒಬ್ಬನ ಬಾಯಿಗೆ ಯಾರು ಹೆದರತಾರ? ಎಲ್ಲಾರೂ ಕೂಡಿ ಬಿದ್ರ ಊರು ಬಿಡಬೇಕು!"

ಎಲ್ಲರೂ ನಕ್ಕರು. ಹಾಲೇಶಪ್ಪನಿಗೆ ಕಲ್ಲು ತೆಗೆದ ಜಾಗದಲ್ಲೇ ಏನೋ ಉರಿಯಿತು. ಅವನ ಕಲ್ಲಿಗೆ ಇಷ್ಟು ನಗು ಎಂದೂ ಬಿದ್ದಿರಲಿಲ್ಲ.

"ಗಾಯಾನ ಇಲ್ದ ಅದೆಂಥಾ ರೋಗಲೇ? ನಮ್ಮಜ್ಜಿ ಕಾಮಾಲಿಗೆ ಬರಿ ಹಾಕಿದ್ರೂ ಸುಟ್ಟ ಗುರ್ತು ಉಳೀತಿತ್ತು. ಎಲ್ಲಿ, ಗಡ್ಡಿ ತೋರ್ಸು!" ಎಂದು ಬಾಟಲಿ ಕುಲುಕಿದ.

"ತೆಗದಿಲ್ಲ. ಒಳಗ ಐತಿ."

"ಕೇಳಿದ್ರೇನ್ರಪಾ? ತೆಗದೇ ಇಲ್ಲಂತ!" ಹಾಲೇಶಪ್ಪ ಕುಸ್ತಿ ಗೆದ್ದವನಂತೆ ಸುತ್ತ ನೋಡಿದ.

ಪಕ್ಕೀರಪ್ಪ ಚಹಾ ಕೆಳಗಿಟ್ಟ. "ಸುಟ್ಟ ಗಡ್ಡಿ ಇನ್ನ ಬೆಳೆಯಂಗಿಲ್ಲಂತ, ನಿಧಾನಕ್ಕ ಸಾಯತೈತಂತ. ಕುಗ್ಗಾಕ ವರ್ಷಗಟ್ಲೆ ಬೇಕು. ಅದಕ್ಕೂ ಮೊದಲ ಊದಿದ್ರೂ ಊದಬಹುದಂತ. ಈಗ ತಲಿ ನೋವು ಬಂದ್ರ, ಸಾಯಾಕತ್ತಿದ್ದು ಅದೋ ನಾನೋ ಗೊತ್ತಾಗವಲ್ದು."

ಪಕ್ಕೀರಪ್ಪ ಹಾಲೇಶಪ್ಪನ ಕೈಯಿಂದ ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದ.

"ನಿಂದು ಹೊರಗ ಬಂದೈತಿ ಹಾಲೇಶಾ, ಕಣ್ಣಿಗೆ ಕಾಣತೈತಿ. ಇದನ್ನ ಕಂಡಾಗೆಲ್ಲ ನನಗ ಹೊಟ್ಟಿ ಉರೀತೈತಿ ನೋಡು."

ಯಾರಾದರೂ ತನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳಲಿ ಎಂಬುದು ಹಾಲೇಶಪ್ಪನ ಜನ್ಮದ ಆಸೆಯಾಗಿತ್ತು. ಕೈಗೆ ಬಂದಾಗ ಅದು ಸಕ್ಕರೆ ಹಾಕದ ಚಹಾದ ಹಾಗಿತ್ತು.

"ಮುಂದಿನ ಸ್ಕ್ಯಾನಿಂಗ್‌ಗೆ ನಾನೂ ಬರ್ತೀನಿ ತಗೋ," ಎಂದ, ಯಾರ ಮುಖವನ್ನೂ ನೋಡದೆ.

ಮರುದಿನ ಅಂಗಡಿಯಲ್ಲಿ ಕೂತು, ಸದ್ದಾಗದಿರಲೆಂದು ಬಾಟಲಿಯೊಳಗೆ ಹತ್ತಿ ತುರುಕಿದ. ಎಸೆದುಬಿಡುವಷ್ಟು ದೊಡ್ಡ ಮನುಷ್ಯನೇನೂ ಆಗಿರಲಿಲ್ಲ.