ಎರಡು ಕಂಪ್ಯೂಟರಿಗೆ ಒಂದೇ ವಿಳಾಸ

ಮೂವತ್ತೊಂದು ವರ್ಷ ಕಾಗದ ಹಂಚಿ ನಿವೃತ್ತರಾದ ಮೇಲೂ ಬೀದಿಯವರೆಲ್ಲ ಅವರನ್ನು ಪೋಸ್ಟಣ್ಣ ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಗಿರಾಕಿಗಳ ಅಳತೆ, ನಮೂನೆಗಳನ್ನು ಇಟ್ಟುಕೊಳ್ಳಲು ಹೊಲಿಗೆ ಯಂತ್ರದ ಪಕ್ಕದಲ್ಲೇ ಅವರದೊಂದು ಕಂಪ್ಯೂಟರ್. ಪೋಸ್ಟಣ್ಣನದು ಒಳಕೋಣೆಯಲ್ಲಿ.

ಹೆಂಡತಿಯ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಕೆಟ್ಟಾಗ ಪೋಸ್ಟಣ್ಣ ಹೊಸದನ್ನು ತಂದು ತಾವೇ ಕೂರಿಸಿದರು. ಕೊನೆಗೆ ಎರಡು ಸ್ಕ್ರೂ ಮಿಕ್ಕವು. "ಕಂಪನಿಯವರು ಹೆಚ್ಚಿಗೇ ಹಾಕಿರ್ತಾರೆ" ಎಂದು ಅವನ್ನು ಜೇಬಿಗಿಳಿಸಿದರು. ಆಮೇಲೆ ತಮ್ಮ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸದ ಅಂಕಿಗಳನ್ನೆಲ್ಲ ಚೀಟಿಯಲ್ಲಿ ಬರೆದು ತಂದು, ಒಂದೂ ಬಿಡದೆ ಇದರಲ್ಲಿ ತುಂಬಿದರು.

ಮರುದಿನ ಬೆಳಗ್ಗೆ ಎರಡೂ ಪರದೆಗಳ ಮೇಲೆ ಒಂದೇ ಮಾತು: ಈ ವಿಳಾಸ ಈಗಾಗಲೇ ಬೇರೆ ಕಂಪ್ಯೂಟರಿನ ಬಳಿ ಇದೆ.

"ರೀ, ಇಂಟರ್ನೆಟ್ ಬರ್ತಾನೇ ಇಲ್ಲ."

"ಕಾರ್ಡೇ ಸರಿಯಿಲ್ಲ ಕಣೇ. ಅಂಗಡಿಯವಳು ಟೋಪಿ ಹಾಕಿದ್ಲು."

ಕಾರ್ಡು ಕಿತ್ತು ಊದಿದರು, ಒರೆಸಿದರು, ಮತ್ತೆ ಕೂರಿಸಿದರು. ಕೇಬಲ್ ಬದಲಿಸಿದರು. ಸಂದೇಶ ಜಪ್ಪಯ್ಯ ಎನ್ನಲಿಲ್ಲ. ಹೆಂಡತಿಯ ಕಂಪ್ಯೂಟರ್ ಆರಿಸಿದಾಗ ಮಾತ್ರ ಪೋಸ್ಟಣ್ಣನದು ಸರಾಗವಾಗಿ ಓಡಿತು.

"ನೋಡು, ನಿಂದು ಆರಿಸಿದ್ರೆ ಎಲ್ಲ ಸರಿಯಾಗುತ್ತೆ."

"ಹಾಗಂತ ನಾನು ಜನ್ಮವಿಡೀ ಆರಿಸ್ಕೊಂಡು ಕೂತಿರ್ಲಾ?"

ಪೋಸ್ಟಣ್ಣನಿಗೆ ಹೊಸ ಗುಮಾನಿ ಹುಟ್ಟಿತು. ಯಾರೋ ಹೊರಗಿನವರು ತಮ್ಮ ವಿಳಾಸ ಕದ್ದು ಮನೆಯೊಳಗೆ ನುಗ್ಗಿದ್ದಾರೆ! ಚಪ್ಪಲಿ ಮೆಟ್ಟಿಕೊಂಡು ನೇರ ಎದುರುಮನೆಯ ಟೀಚರಮ್ಮನ ಬಾಗಿಲು ತಟ್ಟಿದರು.

"ನಮ್ಮ ವಿಳಾಸ ನೀವು ಉಪಯೋಗಿಸ್ತಿದ್ದೀರಾ?"

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. "ನಮ್ಮನೇಲಿ ಕಂಪ್ಯೂಟರೇ ಇಲ್ಲವಲ್ಲ, ಪೋಸ್ಟಣ್ಣ."

ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿದರು. ಅಷ್ಟರಲ್ಲಿ ಹೆಂಡತಿ ಫೋನ್ ಮಾಡಿ ಕಾರ್ಡು ಮಾರಿದಾಕೆಯನ್ನೇ ಮನೆಗೆ ಕರೆಸಿದ್ದರು. ಅವಳು ಎರಡೂ ಕಂಪ್ಯೂಟರ್ ನೋಡಿ, ತುಟಿ ಬಿಗಿಹಿಡಿದು ಕೇಳಿದಳು:

"ಈ ಅಂಕಿ ತುಂಬಿದ್ದು ಯಾರು?"

"ನಾನೇ. ಒಂದಂಕೀನೂ ತಪ್ಪಿಲ್ಲ. ಬೇಕಾದ್ರೆ ಚೀಟಿ ನೋಡು."

"ತಪ್ಪಿಲ್ದೇ ಇರೋದೇ ತಪ್ಪಾಗಿದೆ. ಕೊನೇ ಅಂಕಿ ಒಂದೊಂದಕ್ಕೆ ಬೇರೆ ಬೇರೆ ಇರ್ಬೇಕು. ಎರಡು ಮನೆಗೆ ಒಂದೇ ನಂಬರ್ ಬರೆದಿದ್ರೆ ಕಾಗದ ಯಾರಿಗೆ ಕೊಡ್ತಿದ್ರಿ ನೀವು?"

ಪೋಸ್ಟಣ್ಣನ ಕಿವಿ ಕೆಂಪಾಯಿತು. ಹೆಂಡತಿಯ ಬಾಯಲ್ಲಿ ಐದಾರು ಗುಂಡುಪಿನ್ನುಗಳಿದ್ದವು, ನಗುವಂತಿರಲಿಲ್ಲ. ಒಂದೊಂದನ್ನೇ ತೆಗೆದು ಬಟ್ಟೆಗೆ ಚುಚ್ಚಿಟ್ಟು, ಕೊನೆಯದೂ ಹೊರಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿಯಾಕೆಯೂ ನಕ್ಕಳು. ಸ್ವಲ್ಪ ಹೊತ್ತು ಸಿಡಿಮಿಡಿಗೊಂಡಿದ್ದ ಪೋಸ್ಟಣ್ಣನಿಗೂ ಕೊನೆಗೆ ತಡೆಯಲಾಗಲಿಲ್ಲ.

"ಸರಿ, ಸರಿ. ಆ ಅಂಕಿ ನಾನೇ ಬದಲಿಸ್ತೀನಿ, ಯಾರೂ ಮುಟ್ಬೇಡಿ," ಎಂದು ಕುರ್ಚಿ ಎಳೆದುಕೊಂಡರು.

ಒಂದು ಅಂಕಿ ಬದಲಾಯಿತು. ಎರಡೂ ಕಂಪ್ಯೂಟರ್ ಓಡಿದವು. ಮಧ್ಯಾಹ್ನ ಹೆಂಡತಿ ಮುಂದಿನ ಕೋಣೆಯಿಂದಲೇ ಒಂದು ಇಮೇಲ್ ಕಳಿಸಿದರು: "ಊಟ ಆರ್ತಿದೆ, ಬನ್ನಿ." ಪೋಸ್ಟಣ್ಣ ಅದನ್ನು ಎರಡು ಸಲ ಓದಿ, ದಿನಾಂಕ ಹಾಕಿ, "ತಮ್ಮ ಪತ್ರ ತಲುಪಿತು" ಎಂದು ಸಾವಕಾಶವಾಗಿ ಉತ್ತರ ಬರೆಯತೊಡಗಿದರು.

"ರೀ, ಮೊದ್ಲು ಬಂದು ಉಣ್ಣಿ!" ಎಂಬ ಕೂಗು ನೆಟ್‌ವರ್ಕಿನ ಹಂಗಿಲ್ಲದೆ ಗೋಡೆ ದಾಟಿ ಬಂತು.