ಅತ್ತೆಯವರ ಅಮೃತಬಳ್ಳಿ ಕಷಾಯ

ನಿಮ್ಮ ಮನೆಯಲ್ಲಿ ಬೆಳಗು ಚಹಾದಿಂದ ಆರಂಭವಾಗುತ್ತದೆಯೇನೋ; ಶಲವಡಿಯ ನಮ್ಮ ಮನೆಯಲ್ಲಿ ಅದು ಕಷಾಯದ ಲೋಟದಿಂದ ಆರಂಭವಾಗುತ್ತದೆ. ಹಿತ್ತಲ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ಕಡಿದು, ಜಜ್ಜಿ, ಕುದಿಸಿ ಅರ್ಧಕ್ಕಿಳಿಸಿ ನಮ್ಮತ್ತೆ ನನ್ನ ಮುಂದೆ ತಂದಿಡುತ್ತಾರೆ. ಇದಕ್ಕೆ ಅಮೃತವೆಂದು ಹೆಸರಿಟ್ಟವರು ಒಮ್ಮೆಯೂ ಕುಡಿದಿರಲಿಕ್ಕಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಗಂಡ ತೀರಿಕೊಂಡ ಮೇಲೆ, ನನಗೆ ಎಚ್‌ಐವಿ ಇದೆಯೆಂದು ಊರಲ್ಲಿ ಬಲ್ಲವರು ನಾವು ಅತ್ತೆ ಸೊಸೆ ಇಬ್ಬರೇ. ಒಂಬತ್ತು ವರ್ಷದಿಂದ ದಿನವೂ ಗುಳಿಗೆ ನುಂಗುತ್ತಿದ್ದೇನೆ. ಗುಳಿಗೆ ಪಾಪ, ಮಾತಿಲ್ಲದೆ ಗಂಟಲಿಳಿದು ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ. ಕಷಾಯವಾದರೋ ಭಾಷಣದೊಂದಿಗೇ ಬರುತ್ತದೆ. ರಕ್ತದ ವರದಿ ಚೆನ್ನಾಗಿ ಬಂದಾಗಲೆಲ್ಲ ಅತ್ತೆ ಸೆರಗು ಸರಿಪಡಿಸಿಕೊಂಡು, "ನೋಡ್ದೇನು ನನ್ನ ಕಷಾಯ!" ಎನ್ನುತ್ತಾರೆ, ನನಗೆ ನೆಗಡಿಯಾದರೆ ಮಾತ್ರ ತಪ್ಪು ಗುಳಿಗೆಯದು. ಗಿಡಮೂಲಿಕೆ ಎಲ್ಲರಿಗೂ ಒಗ್ಗುವುದಿಲ್ಲ, ನಮಗೆ ಹೇಳದೆ ಏನನ್ನೂ ಕುಡಿಯಬೇಡಿ, ಗುಳಿಗೆಯನ್ನು ಒಂದು ದಿನವೂ ತಪ್ಪಿಸಬೇಡಿ ಎಂದ ಡಾಕ್ಟರು, ನಾನು ಕಷಾಯದ ವಿಷಯ ತಿಳಿಸಿದ ಮೇಲೆ ಲಿವರ್ ಪರೀಕ್ಷೆಯನ್ನೂ ಮಾಡಿಸುತ್ತಿರುತ್ತಾರೆ. ಹೊಗಳಿಕೆಯೆಲ್ಲ ಕಷಾಯಕ್ಕೇ ಹೋದರೂ ಹೋಗಲಿ ಬಿಡು ಎಂದು ನಾನು ಲೋಟ ಖಾಲಿ ಮಾಡುತ್ತೇನೆ. ಪ್ರೀತಿಯಿಂದ ಕಾಸಿದ್ದನ್ನು ಮುಖ ಕಿವುಚಿಕೊಂಡು ಕುಡಿಯುವುದೂ ಸಂಸಾರವೇ ತಾನೆ?

ಕಳೆದ ತಿಂಗಳು ಅತ್ತೆ ನನ್ನೊಡನೆ ಆಸ್ಪತ್ರೆಗೆ ಬಂದರು, ಬಗಲಲ್ಲಿ ಕಷಾಯದ ಬಾಟಲಿ. ಅಲ್ಲಿಯ ಬೆಂಚಿನ ಮೇಲೆ ಕೂತವರೆಲ್ಲ ಒಂದೇ ಗುಳಿಗೆಯವರು, ಮುಚ್ಚುಮರೆಯಿಲ್ಲ. ಅತ್ತೆ ನನ್ನನ್ನು ತೋರಿಸಿ ತೋರಿಸಿ ಬಳ್ಳಿಯ ಮಹಿಮೆ ಕೊಚ್ಚತೊಡಗಿದರು. ಪಕ್ಕದಲ್ಲಿ ಕೂತು ಬಾಟಲಿಯನ್ನೇ ನೋಡುತ್ತಿದ್ದ, ಯಮನೂರಿನ ಕಡೆಯ ತುಂಬು ಬಸುರಿಯೊಬ್ಬಳು ಕೈ ಚಾಚಿಬಿಟ್ಟಳು.

"ಯವ್ವಾ, ನನಗೂ ಕೊಡ್ರಿ. ಗುಳಿಗಿ ನುಂಗಿ ನುಂಗಿ ಸಾಕಾಗೇತ್ರಿ. ಇದನ್ನ ಕುಡದು ಅವನ್ನ ಬಿಟ್ಟಬಿಡ್ತೀನಿ."

ಗುಳಿಗೆ ಬಿಟ್ಟರೆ ಅವಳಿಗಷ್ಟೇ ಅಲ್ಲ, ಹೊಟ್ಟೆಯೊಳಗಿನ ಕೂಸಿಗೂ ಕುತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಒಂಬತ್ತು ವರ್ಷ ಜೋಪಾನ ಮಾಡಿದ ಕೀರ್ತಿ. ಅದನ್ನು ತುಂಬಿದ ಬೆಂಚಿನ ಮುಂದೆ ಬಿಟ್ಟುಕೊಡುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು.

"ಹುಚ್ಚಿ, ಗುಳಿಗಿ ಬಿಡ್ತೀಯೇನು? ಇಕಿನ್ನ ಉಳಿಸಿದ್ದು ಗುಳಿಗಿ ಬೇ. ನನ್ನ ಕಷಾಯದಿಂದ ಬಾಯಿ ಕಹಿ ಆಗತೈತಿ, ಮತ್ತೇನಿಲ್ಲ."

"ಹಂಗಾದ್ರ ಸೊಸಿಗೆ ಯಾಕ ಕುಡಸ್ತೀರಿ?" ಎಂದಳು ಆಕೆ.

ಅತ್ತೆ ನನ್ನ ಕಡೆ ನೋಡಲಿಲ್ಲ.

"ಗುಳಿಗಿ ಸರಕಾರದ್ದು. ಇಕಿಗೆ ನಂದೂ ಏನರ ಇರಬೇಕಲ್ಲಬೇ."