ಬೆಂಜೀನೋ, ಈಥರೋ
ಲ್ವಿವ್ ನಗರದ ಪೆರಾಕ್ಸೈಡ್ ಪ್ರಯೋಗಾಲಯದಲ್ಲಿ ಪಾಠ ಹೇಳುವ, ಹುಡುಗರೆಲ್ಲ ‘ಪಾನಿ’ ಎಂದರೆ ‘ಅಮ್ಮಾವ್ರೇ’ ಎಂದು ಕರೆಯುವ ಸ್ತೆಫಾನಿಯಾ, ಯಾರ ಕೈಯಲ್ಲಿ ಸೀಸೆ ಕಂಡರೂ ಇಸಿದುಕೊಂಡು ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದದೆ ಬಿಡುವವರಲ್ಲ. “ಪೆರಾಕ್ಸೈಡ್ ಪುಡಿ ಅದೇ ಕಣ್ರಪ್ಪ. ಬೆಂಜೀನಲ್ಲಿ ಕರಗಿಸಿದ್ರೆ ನಿಧಾನವಾಗಿ ಒಡೆಯುತ್ತೆ, ಈಥರಲ್ಲಿ ಕರಗಿಸಿದ್ರೆ ನಿಮ್ಮನ್ನ ಕಾಯಲ್ಲ, ಸಿಡಿದೇ ಬಿಡುತ್ತೆ,” ಎಂಬುದು ಅವರ ನಿತ್ಯದ ಮಾತು. ಮಧ್ಯಾಹ್ನ ಹುಡುಗರು ಬೋರ್ಷ್ ಸಾರಿನ ಬಟ್ಟಲನ್ನು ಮುಂದೆ ಹಿಡಿದು, “ಇದನ್ನೂ ಓದ್ಬಿಡಿ, ಪಾನಿ,” ಎಂದು ಕಾಡಿದರೆ, ಅವರು ರುಚಿ ನೋಡಿ, “ಉಪ್ಪು ಕಮ್ಮಿ,” ಎನ್ನುವರು. ಮೊನ್ನೆ ಓರಿಸ್ಯಾ ಎಂಬ ವಿದ್ಯಾರ್ಥಿನಿ ಬೆಂಜೀನ್ ಎಂದುಕೊಂಡು ಪುಡಿಗೆ ಈಥರ್ ಸುರಿಯಲು ಹೊರಟಾಗ ಸ್ತೆಫಾನಿಯಾ ಅವಳ ಮಣಿಕಟ್ಟು ಹಿಡಿದರು. ಬೈಯಲಿಲ್ಲ, ಹಿಡಿತ ಸಡಿಲಿಸಲೂ ಇಲ್ಲ. “ಬಿಡಿ ಪಾನಿ, ನೋಯ್ತಿದೆ,” ಎಂದಳು ಹುಡುಗಿ. “ಮನೇಲಿ ಅಮ್ಮ ಇದ್ದಾರಾ?” “ಇದ್ದಾರೆ.” “ಹಾಗಾದ್ರೆ ಇವತ್ತು ಬೇಗ ಹೋಗು. ನನ್ನ ಮಗಳೂ ಇದೇ ಮೇಜಿನ ಹತ್ರ ಈಥರ್ ಸುರಿದ್ಲು. ಸುದ್ದಿ ಬಂದಾಗ ನಾನು ಅವಳಿಗೆ ಅಂತ ಅಡುಗೆ ಬಿಸಿ ಮಾಡ್ತಿದ್ದೆ.”